ದುರಸ್ತಿಯ ಧರ್ಮ

ವೈರಾಗ್ಯವನ್ನು ಬೋಧಿಸುವ ಗ್ರಂಥಗಳನ್ನು ಶ್ರದ್ಧೆಯಿಂದ ಓದಿಕೊಂಡ ಗೃಹಸ್ಥನಿಗೆ ತನ್ನ ಮನೆಯ ಬಾಗಿಲು ಜೋಲುಬಿದ್ದ ದಿನ ಒಂದು ಸಣ್ಣ ಧರ್ಮಸಂಕಟ ಒದಗುತ್ತದೆ. ದೇಹವೇ ಅನಿತ್ಯವೆಂದು ಒಪ್ಪಿದವನು, ಆ ದೇಹಕ್ಕೆ ಆಶ್ರಯವಾದ ಮನೆಯ, ಆ ಮನೆಗೆ ಅಂಗವಾದ ಬಾಗಿಲಿನ, ಆ ಬಾಗಿಲನ್ನು ಹಿಡಿದು ನಿಲ್ಲಿಸಿರುವ ಬಿಜಾಗರಿಯ ತಿರುಪೊಂದು ಸಡಿಲವಾಯಿತೆಂದು ವ್ಯಾಕುಲಗೊಳ್ಳುವುದು ಯುಕ್ತವೆ? ಯುಕ್ತವಲ್ಲವೆಂದು ಸುಮ್ಮನೆ ಕುಳಿತರೆ ಇರುಳಿನ ಗಾಳಿ ಒಳನುಗ್ಗುತ್ತದೆ, ಮಳೆಯ ಎರಚಲು ಪಡಸಾಲೆಯನ್ನು ತೋಯಿಸುತ್ತದೆ, ಅವನ ವೈರಾಗ್ಯದ ಬೆಲೆಯನ್ನು ಮನೆಯ ಮಕ್ಕಳೂ ಮುದುಕರೂ ನೆಗಡಿ ಕೆಮ್ಮುಗಳ ರೂಪದಲ್ಲಿ ತೆರಬೇಕಾಗುತ್ತದೆ. ಯುಕ್ತವೆಂದು ಎದ್ದು ತಿರುಪುಳಿಯನ್ನು ಕೈಗೆತ್ತಿಕೊಂಡರೆ, ಇಂದು ಬಾಗಿಲು, ನಾಳೆ ಕಿಟಕಿ, ನಾಡಿದ್ದು ಮಾಡು ಎಂದು ಸವೆಯುವ ವಸ್ತುಗಳ ಸೇವೆಯಲ್ಲೇ ಆಯುಷ್ಯವೆಲ್ಲ ಸವೆದುಹೋದೀತೆಂಬ ಭಯ. ನಶ್ವರವೆಂದು ತಿಳಿದ ವಸ್ತುವನ್ನು ತಿಳಿದೂ ತಿಳಿದೂ ಸರಿಪಡಿಸುವುದು ಮೋಹವೋ ಧರ್ಮವೋ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಹಿರೇಕೆರೂರು ತಾಲ್ಲೂಕಿನ ನಮ್ಮ ಚಿಕ್ಕೇರೂರಿನಲ್ಲಿ ಈ ಪ್ರಶ್ನೆಯನ್ನು ಋತುಗಳೇ ಎಬ್ಬಿಸುತ್ತವೆ. ಇದು ಅಚ್ಚ ಮಲೆನಾಡೂ ಅಲ್ಲ, ಅಚ್ಚ ಬಯಲುಸೀಮೆಯೂ ಅಲ್ಲ. ಎರಡರ ಗುಣವನ್ನೂ ಇಷ್ಟಿಷ್ಟು ಪಡೆದಿರುವ ಸೆರಗಿನ ನಾಡು. ಆರಿದ್ರಾ ಪುನರ್ವಸು ಮಳೆಗಳು ಹಿಡಿದವೆಂದರೆ ಹಳೆಯ ಮನೆಗಳ ಸಾಗವಾನಿಯ ಕದಗಳೂ ಮತ್ತಿಯ ಚೌಕಟ್ಟುಗಳೂ ನೀರುಂಡು ಉಬ್ಬುತ್ತವೆ. ಫಾಲ್ಗುಣ ಚೈತ್ರಗಳ ಬಿಸಿಲಿಗೆ ಅವೇ ಒಣಗಿ ಕುಗ್ಗಿ ಸಂದುಬಿಡುತ್ತವೆ. ಮಳೆಗಾಲದಲ್ಲಿ ಮುಚ್ಚಲೊಲ್ಲದ ಬಾಗಿಲು ಬೇಸಿಗೆಯಲ್ಲಿ ತೆರೆದೇ ಇರುವಂತೆ ತೋರುತ್ತದೆ. ಈಚಿನ ವರ್ಷಗಳಲ್ಲಿ ಮರದ ಜೊತೆಗೆ ಅಲ್ಯುಮಿನಿಯಮ್ಮೂ ಪ್ಲಾಸ್ಟಿಕ್ ಜಾತಿಯ ಯುಪಿವಿಸಿಯೂ ಊರೂರಿಗೆ ಬಂದಿವೆ. ಬೆಂಗಳೂರಿನ ಹೆದ್ದಾರಿಯ ಮಗ್ಗುಲಿನ ವಸತಿಗಳಲ್ಲಿ ಸದ್ದನ್ನು ತಡೆಯಲೆಂದೂ, ಇಂಗ್ಲೆಂಡಿನಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಚಳಿಯನ್ನು ತಡೆಯಲೆಂದೂ ಜೋಡಿ ಗಾಜಿನ ಕಿಟಕಿ ಬಾಗಿಲುಗಳು ರೂಢಿಯಲ್ಲಿವೆ. ವಸ್ತು ಯಾವುದಾದರೇನು, ಕೆಡುವ ಧರ್ಮ ಎಲ್ಲಕ್ಕೂ ಸಾಮಾನ್ಯ. ಆದರೆ ಈ ಹೊಸ ಕಿಟಕಿ ಕೆಡುವ ರೀತಿಯಲ್ಲಿ ಮಾತ್ರ ತತ್ತ್ವಜಿಜ್ಞಾಸುವಿಗೆ ವಿಶೇಷವಾದ ಒಂದು ಪಾಠವಿದೆಯೆಂದು ನನಗೆ ತೋರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಶಾಸ್ತ್ರಕಾರರು ದ್ವಾರವನ್ನು ಕುರಿತು ಬಹಳ ಯೋಚಿಸಿದವರು. ಭಗವದ್ಗೀತೆಯ ಐದನೆಯ ಅಧ್ಯಾಯವು ದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆಂದು ವರ್ಣಿಸುತ್ತದೆ. ಕಠೋಪನಿಷತ್ತು ಹನ್ನೊಂದು ಬಾಗಿಲುಗಳನ್ನು ಎಣಿಸುತ್ತದೆ. ಆ ಉಪನಿಷತ್ತೇ ಮತ್ತೊಂದೆಡೆ, ಇಂದ್ರಿಯಗಳೆಂಬ ರಂಧ್ರಗಳು ಹೊರಮುಖವಾಗಿ ಕೊರೆಯಲ್ಪಟ್ಟಿರುವುದರಿಂದಲೇ ಮನುಷ್ಯನ ದೃಷ್ಟಿ ಸಹಜವಾಗಿ ಹೊರಗೆ ಹರಿಯುತ್ತದೆಂಬ ಅಭಿಪ್ರಾಯವನ್ನು ಸೂಚಿಸುತ್ತದೆ. ಲೋಕರೂಢಿಯಲ್ಲಿಯೂ ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವ ಮುಹೂರ್ತಕ್ಕೆ ಇರುವ ಗೌರವ ಗೋಡೆ ಏರಿಸುವುದಕ್ಕೆ ಇಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮಗಳು ಸಲ್ಲುತ್ತವೆ, ಮೂಲೆಗೆ ಸಲ್ಲುವುದಿಲ್ಲ. ಈ ಸೀಮೆಯ ಚಾಲುಕ್ಯ ಶೈಲಿಯ ದೇಗುಲಗಳನ್ನು ಹೊಕ್ಕವರು, ಶಿಲ್ಪಿಯು ತನ್ನ ಕೌಶಲದ ದೊಡ್ಡ ಪಾಲನ್ನು ದ್ವಾರಬಂಧದ ಶಾಖೆಗಳಿಗೂ ಲಲಾಟಬಿಂಬಕ್ಕೂ, ಬಾಗಿಲ ಎರಡು ಮಗ್ಗುಲಲ್ಲಿ ಕಲ್ಲನ್ನೇ ಜಾಲರಿಯಾಗಿ ಕೊರೆದ ಜಾಲಂಧ್ರಗಳಿಗೂ ವಿನಿಯೋಗಿಸಿರುವುದನ್ನು ಕಂಡಿರುತ್ತಾರೆ. ಗೋಡೆಗೆ ಇರುವುದು ಒಂದೇ ಕೆಲಸ, ತಡೆಯುವುದು. ಬಾಗಿಲಿಗೂ ಕಿಟಕಿಗೂ ಪರಸ್ಪರ ವಿರುದ್ಧವಾದ ಎರಡು ಕೆಲಸಗಳು: ತಡೆಯುವುದು ಮತ್ತು ಬಿಡುವುದು, ಗಾಳಿಯನ್ನು ಬಿಟ್ಟು ಮಳೆಯನ್ನು ತಡೆಯುವುದು, ಅತಿಥಿಯನ್ನು ಬಿಟ್ಟು ಕಳ್ಳನನ್ನು ತಡೆಯುವುದು. ಇಂಥ ದ್ವಿಮುಖ ಕರ್ತವ್ಯ ಹೊತ್ತದ್ದು ಬೇಗನೆ ಸವೆಯುವುದು ಸಹಜ. ಮನೆಯಲ್ಲಿ ಮೊದಲು ಕೆಡುವುದು ಗೋಡೆಯಲ್ಲ, ತೆರಪು.

ತೆರಪೇ ತೊಂದರೆಯಾದರೆ ಅದನ್ನು ಇಲ್ಲವಾಗಿಸಬಹುದಲ್ಲ ಎಂದು ಯೋಚಿಸಿದವರೂ ಉಂಟು. ಜರ್ಮನಿಯ ತತ್ತ್ವಜ್ಞ ಲೈಬ್‌ನಿಟ್ಸ್ 1714ರಲ್ಲಿ ಬರೆದ ‘ಮೊನಡಾಲಜಿ’ಯಲ್ಲಿ, ವಿಶ್ವದ ಮೂಲಭೂತವಾದ ಚೇತನಾಣುಗಳಿಗೆ ಕಿಟಕಿಗಳೇ ಇಲ್ಲವೆಂದು, ಹೊರಗಿನಿಂದ ಏನೂ ಒಳಹೊಗಲಾರದೆಂದು ಪ್ರತಿಪಾದಿಸಿದನು. ಆದರೆ ಅವುಗಳೆಲ್ಲ ಒಂದಕ್ಕೊಂದು ಹೊಂದಿ ನಡೆಯುವುದನ್ನು ವಿವರಿಸುವುದಕ್ಕಾಗಿ, ದೇವರು ಮೊದಲೇ ಹೊಂದಿಸಿಟ್ಟ ಸಾಮರಸ್ಯವೊಂದನ್ನು ಅವನು ಕಲ್ಪಿಸಬೇಕಾಯಿತು. ಜೈನದರ್ಶನದ ಮಾರ್ಗ ಬೇರೆ. ಜೀವದ ಕಡೆಗೆ ಕರ್ಮವು ಹರಿದುಬರುವುದು ಆಸ್ರವ; ಆ ಹರಿವನ್ನು ತಡೆಯುವುದು ಸಂವರ; ಒಳಗೆ ಆಗಲೇ ಸೇರಿದ್ದನ್ನು ಉದುರಿಸುವುದು ನಿರ್ಜರೆ. ಇದರ ಕ್ರಮವನ್ನು ಗಮನಿಸಬೇಕು. ಬರುವುದನ್ನು ನಿಲ್ಲಿಸದೆ ಬಂದದ್ದನ್ನು ಹೊರಹಾಕುವ ಶ್ರಮ ವ್ಯರ್ಥವೆಂಬುದು ಮೋಕ್ಷಶಾಸ್ತ್ರದಲ್ಲಿ ಎಷ್ಟು ದಿಟವೋ, ಕಿಟಕಿಯಡಿಯಲ್ಲಿ ನಿಂತ ಮಳೆನೀರನ್ನು ಬಟ್ಟೆಯಿಂದ ಹಿಂಡುತ್ತಿರುವ ಗೃಹಸ್ಥನ ಪಾಲಿಗೂ ಅಷ್ಟೇ ದಿಟ.

ಇನ್ನು ಜೋಡಿ ಗಾಜಿನ ಕಿಟಕಿಯ ವಿಚಾರ. ಇದು ನಿನ್ನೆ ಮೊನ್ನೆಯ ಉಪಾಯವಲ್ಲ. 1865ರಲ್ಲಿಯೇ ಅಮೆರಿಕದ ಥಾಮಸ್ ಸ್ಟೆಟ್ಸನ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದಿದ್ದನು. ಎರಡು ಗಾಜುಗಳನ್ನು ಸಾಮಾನ್ಯವಾಗಿ ಹದಿನಾರು ಮಿಲಿಮೀಟರಿನಷ್ಟು ಅಂತರವಿಟ್ಟು ನಿಲ್ಲಿಸಿ, ಸುತ್ತಲೂ ಅಂಚಿನಲ್ಲಿ ಪೊಳ್ಳಾದ ಒಂದು ಪಟ್ಟಿಯನ್ನು ಕೂಡಿಸಿ, ಅದರ ಹೊರಗೆ ಗಾಳಿಯಾಡದಂತೆ ಅಂಟನ್ನು ಬಳಿದು ಮುದ್ರಿಸುತ್ತಾರೆ. ನಡುವೆ ಇರುವುದು ಒಣಗಾಳಿ, ಇಲ್ಲವೆ ಆರ್ಗಾನ್ ಅನಿಲ. ಪಟ್ಟಿಯ ಪೊಳ್ಳಿನಲ್ಲಿ ತೇವವನ್ನು ಹೀರುವ ಹರಳುಗಳನ್ನು ತುಂಬಿರುತ್ತಾರೆ. ಮುದ್ರೆಯನ್ನು ದಾಟಿ ಅಲ್ಪಸ್ವಲ್ಪ ನುಸುಳಿದ ಆವಿಯನ್ನು ಅವು ನುಂಗಿಕೊಳ್ಳುತ್ತವೆ. ಚಳಿಯನ್ನು ತಡೆಯುವುದು ಗಾಜೆಂದು ನೋಡುವವನು ಭಾವಿಸುತ್ತಾನೆ. ವಾಸ್ತವವಾಗಿ ತಡೆಯುವುದು ನಡುವಣ ನಿಶ್ಚಲವಾದ ಬರಿದು. ಗಾಜುಗಳೆರಡೂ ಆ ಬರಿದಿನ ಕಾವಲುಗಾರರು ಮಾತ್ರ. ಕಾವಲು ಸಡಿಲಿದಾಗ, ಎಂದರೆ ವರ್ಷಾಂತರಗಳ ಬಿಸಿಲು ಚಳಿಗಳಿಂದ ಅಂಚಿನ ಅಂಟು ಬಿರಿದಾಗ, ತೇವವು ಒಳಹೊಗುತ್ತದೆ. ಹರಳುಗಳು ತಮ್ಮ ಶಕ್ತಿಯಿರುವವರೆಗೂ ಅದನ್ನು ನುಂಗಿ, ಶಕ್ತಿ ತೀರಿದ ಮೇಲೆ ಕೈಬಿಡುತ್ತವೆ. ಆಗ ಒಂದು ಮುಂಜಾನೆ ಗಾಜುಗಳ ನಡುವೆ ಮಂಜು ಕಾಣಿಸಿಕೊಳ್ಳುತ್ತದೆ. ಕೆಟ್ಟದ್ದು ಅಂದಲ್ಲ, ಕೆಡುಕು ಕಾಣಿಸಿಕೊಂಡದ್ದು ಅಂದು.

ಇಂಥ ಕಿಟಕಿಗೆ ಮಂಜು ಕವಿಯತಕ್ಕ ಎಡೆಗಳು ಮೂರು. ಗಾಜಿನ ಮೇಲೆ ಬೆರಳೆಳೆದು ನೋಡಿದರೆ ಯಾವ ಎಡೆಯೆಂಬುದು ತಿಳಿಯುತ್ತದೆ. ಕೋಣೆಯೊಳಗಿನಿಂದ ಎಳೆದ ಬೆರಳಿಗೆ ಮಂಜು ಅಳಿಸಿ ಗೆರೆ ಮೂಡಿದರೆ, ಅದು ಮನೆಯವರದೇ ಉಸಿರು. ಅಡುಗೆಯ ಹಬೆ, ಸ್ನಾನದ ಆವಿ, ಒಳಗೆ ಹರವಿದ ಒದ್ದೆ ಬಟ್ಟೆಯ ತೇವ, ಇವು ತಣ್ಣನೆಯ ಗಾಜನ್ನು ಮುಟ್ಟಿ ಹನಿಗಟ್ಟಿವೆ. ಕಿಟಕಿಯಲ್ಲಿ ದೋಷವಿಲ್ಲ, ಕೋಣೆಗೆ ಗಾಳಿಯಾಡಲು ಬಿಟ್ಟರೆ ಸಾಕು. ಹೊರಗಿನಿಂದ ಎಳೆದ ಬೆರಳಿಗೆ ಅಳಿಸಿದರೆ, ಅದು ಶುಭ್ರವಾದ ಇರುಳಿನ ಇಬ್ಬನಿ. ಒಳಗಿನ ಬಿಸುಪು ಹೊರಗಿನ ಗಾಜಿನವರೆಗೆ ಸೋರುತ್ತಿಲ್ಲವೆಂಬುದಕ್ಕೆ, ಎಂದರೆ ಕಿಟಕಿಯು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆಯೆಂಬುದಕ್ಕೆ, ಅದು ಸಾಕ್ಷಿ. ಬಿಸಿಲೇರಿದರೆ ತಾನಾಗಿ ಹೋಗುತ್ತದೆ. ಒಳಗಿನಿಂದಲೂ ಅಳಿಸದೆ ಹೊರಗಿನಿಂದಲೂ ಅಳಿಸದೆ ಉಳಿದುದು ನಡುವಣ ಮಂಜು; ನಿಜವಾದ ದೋಷ ಅದೊಂದೇ. ನೋಟಕ್ಕೆ ಮೂರೂ ಒಂದೇ ಬಿಳುಪು, ಒಂದೇ ಮಸುಕು. ಮೂಲದಲ್ಲಿ ಒಂದು ನಮ್ಮದು, ಒಂದು ಲೋಕದ್ದು, ಒಂದು ಉಪಕರಣದ್ದು.

ವೇದಾಂತಿಗಳು ಭ್ರಾಂತಿಯ ಕಾರಣಗಳನ್ನು ವಿಂಗಡಿಸಿದ ಬಗೆಯನ್ನು ಬಲ್ಲವರಿಗೆ ಇದು ಹೊಸತಾಗಿ ತೋರದು. ಮಬ್ಬುಗತ್ತಲಲ್ಲಿ ಹಗ್ಗವು ಹಾವಾಗಿ ಕಂಡಿತೆಂದರೆ ಹಗ್ಗವು ಹಾವನ್ನು ಹೋಲುತ್ತಿರುವುದು ಪ್ರಮೇಯದೋಷ; ಕಣ್ಣಿಗೆ ಪೊರೆ ಬಂದಿರುವುದು ಕರಣದೋಷ; ನೋಡುವವನ ಎದೆಯಲ್ಲಿ ಮೊದಲೇ ಭಯ ಮನೆಮಾಡಿರುವುದು ಪ್ರಮಾತೃದೋಷ. ದೋಷವೆಲ್ಲಿದೆಯೆಂದು ತಿಳಿಯದೆ ಚಿಕಿತ್ಸೆಗೆ ತೊಡಗಿದವನು ಕಣ್ಣಿಗೆ ಔಷಧಿ ಹಾಕಬೇಕಾದಲ್ಲಿ ಹಗ್ಗವನ್ನು ಹೊಡೆಯುತ್ತಾನೆ, ಭಯವನ್ನು ಬಿಡಬೇಕಾದಲ್ಲಿ ಕನ್ನಡಕ ಕೊಳ್ಳುತ್ತಾನೆ. ನಮ್ಮ ನಿತ್ಯದ ಕಲಹಗಳಲ್ಲಿ ಎಷ್ಟು ಪಾಲು ಇಂಥವು! ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ, ಅತ್ತೆ ಸೊಸೆಯರ ಮುನಿಸಿನಲ್ಲಿ, ಮಠ ಮಠಗಳ ಪಂಥದಲ್ಲಿ, ನಮ್ಮ ಉಸಿರಿನಿಂದಲೇ ಮಸುಕಾದ ಗಾಜನ್ನು ಎದುರಿನವನ ಮುಖದ ಕಪ್ಪೆಂದು ನಾವು ಸಾಧಿಸುತ್ತೇವೆ. ಇಬ್ಬನಿಯಂತೆ ತಾನಾಗಿ ಕರಗತಕ್ಕದ್ದನ್ನು ಕೆರೆದು ಕೆರೆದು ಗಾಯ ಮಾಡುತ್ತೇವೆ. ಇಬ್ಬರ ನಡುವೆ ಮುದ್ರೆಯೊಡೆದು ಸೇರಿಕೊಂಡ ನಿಜವಾದ ತೇವವನ್ನು ಮಾತ್ರ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಒರೆಸುತ್ತ, ಹೋಗಲಿಲ್ಲವೆಂದು ಪರಸ್ಪರ ದೂರುತ್ತೇವೆ.

ನಡುವಣ ಮಂಜಿಗೆ ಒರೆಸುವುದು ಮದ್ದಲ್ಲ. ಗಾಜಿನಲ್ಲಿ ಸೂಕ್ಷ್ಮವಾದ ರಂಧ್ರ ಕೊರೆದು ಒಳಗನ್ನು ಒಣಗಿಸಿಕೊಡುವವರು ಇದ್ದಾರೆ. ಕೆಲಕಾಲ ನೋಟ ತಿಳಿಯಾಗುತ್ತದೆ, ಆದರೆ ಒಡೆದ ಮುದ್ರೆ ಒಡೆದಂತೆಯೇ ಇರುವುದರಿಂದ ಕಿಟಕಿಯ ಮೊದಲಿನ ಶಕ್ತಿ ಮರಳುವುದಿಲ್ಲ. ಇಡೀ ಕಿಟಕಿಯನ್ನೇ ಕಿತ್ತು ಬಿಸಾಡಿ ಹೊಸದನ್ನು ಕೊಳ್ಳಿರೆನ್ನುವವರು ಇವರಿಗಿಂತ ಹೆಚ್ಚು. ಎರಡೂ ಬೇಕಿಲ್ಲ. ಚೌಕಟ್ಟು ಗಟ್ಟಿಯಾಗಿದ್ದರೆ ಜೋಡಿ ಗಾಜಿನ ಆ ಒಂದು ಘಟಕವನ್ನಷ್ಟೇ ಬದಲಿಸಬಹುದು. ಅಗಲ, ಎತ್ತರ, ಎರಡು ಗಾಜೂ ನಡುವಣ ಅಂತರವೂ ಸೇರಿದ ಒಟ್ಟು ದಪ್ಪ, ಈ ಮೂರನ್ನು ತಪ್ಪಿಲ್ಲದೆ ಅಳೆದು ಮಾಡಿಸಿ, ಗಾಜನ್ನು ಹಿಡಿದಿರುವ ಬೀಡಿಂಗುಗಳಲ್ಲಿ ಉದ್ದನೆಯದನ್ನು ಮೊದಲು ನಡುಭಾಗದಿಂದ ಮೀಟಿ ತೆಗೆದು, ಹಳೆಯದನ್ನಿಳಿಸಿ ಹೊಸದನ್ನೇರಿಸಿದರೆ ತೀರಿತು. ಅಳತೆಯಲ್ಲಿ ಅಜಾಗರೂಕತೆ ಸಲ್ಲದು. ಬಾಗಿಲುಗಳಿಗೆ ಹಾಕತಕ್ಕ, ಕಾಯಿಸಿ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಪುಡಿಪುಡಿಯಾಗುತ್ತದೆ. ಕೆಟ್ಟ ಅಂಗವನ್ನು ಕೆಟ್ಟಿತೆಂದು ಒಪ್ಪಿ ಬಿಡುವುದು, ಕೆಡದ ಅಂಗವನ್ನು ಕೆಟ್ಟದ್ದರ ಜೊತೆಗೆ ಎಸೆಯದಿರುವುದು: ಈ ಎರಡು ನಿಗ್ರಹಗಳ ನಡುವೆ ದುರಸ್ತಿಯ ಕಲೆಯೆಲ್ಲ ಅಡಗಿದೆ.

ಉಳಿದ ಸಾಮಾನ್ಯ ದೋಷಗಳೂ ಇದೇ ವಿವೇಕವನ್ನು ಬೇಡುತ್ತವೆ. ಮಳೆಯಲ್ಲಿ ಕಿಟಕಿಯ ಒಳಗಡೆ ನೀರು ನಿಂತಿತೆಂದರೆ ಮನೆಯ ಯಜಮಾನನು ಕಂಡ ಕಂಡ ಸಂದುಗಳಿಗೆಲ್ಲ ಸಿಲಿಕೋನ್ ಅಂಟನ್ನು ಮೆತ್ತುತ್ತಾನೆ. ಆದರೆ ಚೌಕಟ್ಟಿಗೆ ನೀರು ಬರಲೇಬಾರದೆಂಬುದು ಆ ಕಿಟಕಿಯನ್ನು ರೂಪಿಸಿದವನ ಸಂಕಲ್ಪವಾಗಿರಲಿಲ್ಲ. ಬಂದ ನೀರು ಹೊರಗೆ ಹರಿದುಹೋಗಲೆಂದು ಕೆಳಪಟ್ಟಿಯಲ್ಲಿ ಸಣ್ಣ ಕಂಡಿಗಳನ್ನು ಅವನು ಬಿಟ್ಟಿರುತ್ತಾನೆ. ಧೂಳು, ಸತ್ತ ಇರುವೆ, ಒಣಗಿದ ಎಲೆಚೂರು ಸೇರಿ ಅವು ಕಟ್ಟಿಕೊಂಡಿರುತ್ತವೆ. ಅಂಟು ಮೆತ್ತುವವನು ಅವನ್ನೂ ಮುಚ್ಚಿ ತನ್ನ ಕಷ್ಟವನ್ನು ತಾನೇ ಇಮ್ಮಡಿಸಿಕೊಳ್ಳುತ್ತಾನೆ. ಒಂದು ತಂತಿಯ ತುಂಡಿನಿಂದ ಕೆದಕಿ ಬಿಡಿಸಬಲ್ಲವನು ಅರೆಗಳಿಗೆಯಲ್ಲಿ ಗೆಲ್ಲುತ್ತಾನೆ. ಇಂದ್ರಿಯನಿಗ್ರಹವೆಂದರೆ ಎಲ್ಲ ರಂಧ್ರಗಳನ್ನೂ ಮುಚ್ಚುವುದೆಂದು ತಿಳಿದ ಸಾಧಕರು ಇದನ್ನು ಮನನ ಮಾಡಬಹುದು. ಇನ್ನು ಗಾಜುಬಾಗಿಲು ಚಿಲಕದ ಕಡೆಗೆ ವಾಲಿ ಕೆಳಗೆ ಉಜ್ಜಿತೆಂದರೆ, ಮೊದಲು ಬಿಜಾಗರಿಯ ತಿರುಪನ್ನು ಷಟ್ಕೋನದ ಕೀಲಿಯಿಂದ ತಿರುವಿ ಎತ್ತಿ ನೋಡುತ್ತಾರೆ. ಅಷ್ಟಕ್ಕೆ ಬಗ್ಗದಿದ್ದರೆ ಬೀಡಿಂಗನ್ನು ಬಿಚ್ಚಿ, ಗಾಜಿನ ಕೆಳಗೆ ಬಿಜಾಗರಿಯ ಮೂಲೆಯಲ್ಲೊಂದು, ಅದಕ್ಕೆ ಕರ್ಣರೇಖೆಯಲ್ಲಿ ಎದುರಾದ ಮೇಲಿನ ಮೂಲೆಯಲ್ಲೊಂದು ಚಕ್ಕೆಯನ್ನು ಕೂಡಿಸುತ್ತಾರೆ. ಆಗ ಅಲ್ಲಿಯವರೆಗೆ ಬಾಗಿಲಿಗೆ ಭಾರವಾಗಿದ್ದ ಗಾಜೇ ಅದಕ್ಕೆ ಊರೆಯಾಗಿ, ಜೋಲುಬಿದ್ದ ಚೌಕಟ್ಟನ್ನು ಎತ್ತಿ ಹಿಡಿಯುತ್ತದೆ. ಭಾರವನ್ನು ಇಳಿಸಿದ್ದಿಲ್ಲ, ಕುಗ್ಗಿಸಿದ್ದಿಲ್ಲ. ಅದು ಊರುವ ಜಾಗವನ್ನು ಬದಲಿಸಿದ್ದಷ್ಟೆ. ಗೃಹಸ್ಥಾಶ್ರಮವನ್ನು ಬಿಡದೆಯೇ ಮುಕ್ತಿಯುಂಟೆಂದು ವಾದಿಸಿದ ಆಚಾರ್ಯರ ಪಕ್ಷಕ್ಕೆ ಇದು ಒಂದು ದೃಷ್ಟಾಂತವಾಗಬಲ್ಲುದು.

ವಿವೇಕದ ಜೊತೆಗೆ ಬೇಕಾದ ಮತ್ತೊಂದು ಗುಣ ಕಾಲಜ್ಞಾನ. ಒಂದು ಆರಿದ್ರಾ ಮಳೆಯಲ್ಲಿ ನಮ್ಮ ಮನೆಯ ತಲೆಬಾಗಿಲು ಹೊಸ್ತಿಲಿಗೆ ಕಚ್ಚಿಕೊಂಡು, ಕೀಸುಳಿಯಿಂದ ಕೆತ್ತಿಸೋಣವೆಂದು ಊರಿನ ಬಡಿಗನನ್ನು ಕರೆಸಿದ್ದೆ. ಅವನು ಬಂದವನೇ ಉಳಿ ಬಾಚಿಗಳ ಚೀಲವನ್ನು ಕಟ್ಟೆಯ ಮೇಲಿಟ್ಟು, ಕದವನ್ನು ಮೆಲ್ಲಗೆ ತೆರೆದು ಮುಚ್ಚಿ, ಮೇಲಿನ ಸಂದನ್ನು ಕೊನೆಯಿಂದ ಕೊನೆಯವರೆಗೆ ನೋಡಿದನು. ಚಿಲಕದ ಕಡೆಗೆ ಹೋದಂತೆ ಸಂದು ಅಗಲವಾಗಿತ್ತು. ಮೇಲಣ ಬಿಜಾಗರಿಯ ತಿರುಪುಗಳನ್ನು ಬಿಚ್ಚಿದಾಗ ಮರದ ತೂತು ಸವೆದು ದೊಡ್ಡದಾಗಿದ್ದುದು ಕಂಡಿತು. ಸಾಗವಾನಿಯ ಚಕ್ಕೆಯನ್ನು ಸಣ್ಣಗೆ ಸೀಳಿ ತೂತಿಗೆ ತುಂಬಿ, ತಿರುಪನ್ನು ಮರಳಿ ಬಿಗಿದನು. ಬಾಗಿಲು ಅರ್ಧ ಸರಿಹೋಯಿತು. ಚೌಕಟ್ಟಿನ ಉದ್ದಕ್ಕೂ ಮಾತ್ರ ಇನ್ನೂ ಬಿಗಿಯಾಗಿತ್ತು. ಕೀಸುಳಿ ತೆಗೆಯೆಂದೆ. ಅವನು ತೆಗೆಯಲಿಲ್ಲ.

“ಈಗ ಕೆತ್ತಬ್ಯಾಡ್ರಿ, ಮಾಸ್ತರ. ಮರ ನೀರು ಕುಡದೈತಿ. ಈಗ ಕೆತ್ತಿದ್ರ ಬ್ಯಾಸಿಗ್ಯಾಗ ಬೆರಳು ಹೋಗುವಷ್ಟು ಸಂದಿ ಬೀಳ್ತೈತಿ.”

“ಅಲ್ಲಿತನಕ ಏನು ಮಾಡೋದಪ್ಪಾ?”

“ಮೇಣದಬತ್ತಿ ತಿಕ್ಕಿ ಬಿಡ್ರಿ, ಜಾರತೈತಿ. ದೀಪಾವಳಿ ಆದಮ್ಯಾಲೆ ಬರ್ತೀನಿ. ಆಗೂ ಉಜ್ಜಿದ್ರ ಆಗ ನೋಡೂಣಂತ.”

ಎರಡು ದೋಷಗಳು ಒಂದೇ ಬಾಗಿಲಿನಲ್ಲಿ ಕೂಡಿದ್ದವು. ಒಂದು ಕೈಯಿಂದ ನೀಗತಕ್ಕದ್ದು, ಮತ್ತೊಂದು ಕಾಲದಿಂದ ನೀಗತಕ್ಕದ್ದು. ಮೊದಲನೆಯದನ್ನು ಅವನು ಮುಂದೂಡಲಿಲ್ಲ, ಎರಡನೆಯದಕ್ಕೆ ಅವಸರಪಡಲಿಲ್ಲ. ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವವನನ್ನು ಗೀತೆ ಬುದ್ಧಿವಂತನೆಂದು ಕರೆಯುವುದಷ್ಟೆ. ಅಂಥವನು ಹೇಗಿದ್ದಾನೆಂದು ಕೇಳಿದರೆ ಚೀಲದೊಳಗಿನ ಕೀಸುಳಿಯನ್ನು ಹೊರತೆಗೆಯದ ಆ ಬಡಿಗನನ್ನು ನಾನು ತೋರಿಸಬಲ್ಲೆನು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಿಗನಿಗೂ ವಚನಕಾರನ ಸ್ಥಾನವಿದ್ದುದು ಆಕಸ್ಮಿಕವಲ್ಲ.

ಈಗ ಮೂಲಪ್ರಶ್ನೆಗೆ ಬರೋಣ. ಹೀಗೆ ಸರಿಪಡಿಸುವುದು ಕೌಶಲವೇನೋ ಹೌದು, ಧರ್ಮವೆಂಬುದಕ್ಕೆ ಪ್ರಮಾಣವೇನು? ಪ್ರಮಾಣವು ಈ ಸೀಮೆಯ ಹೊಲ ಗುಡಿಗಳಲ್ಲಿ ನಿಂತಿರುವ ಕಲ್ಲುಗಳ ಮೇಲೆಯೇ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಆಮೇಲೆಯೂ ಹುಟ್ಟಿದ ದಾನಶಾಸನಗಳನ್ನು ಓದುತ್ತ ಹೋದರೆ, ದೇವರ ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ತಪೋಧನರ ಆಹಾರಕ್ಕೆ ಎಂದು ಭೂಮಿಯನ್ನು ಬಿಡುವ ಸಾಲಿನಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಒಡೆದುದು ಬಿರಿದುದು ಶಿಥಿಲವಾದುದರ ದುರಸ್ತಿಗೆ, ಎಂಬ ಬಾಬು ಮತ್ತೆ ಮತ್ತೆ ಎದುರಾಗುತ್ತದೆ. ಇದರ ಸ್ವಾರಸ್ಯವನ್ನು ನಿಂತು ಯೋಚಿಸಬೇಕು. ದೇಗುಲವು ಹೊಚ್ಚ ಹೊಸದಾಗಿದೆ, ಕಲಶಸ್ಥಾಪನೆಯ ಸಂಭ್ರಮ ಇನ್ನೂ ಅಡಗಿಲ್ಲ. ಆಗಲೇ ದಾನಿಯು ಇದು ಒಡೆಯುತ್ತದೆ, ಬಿರಿಯುತ್ತದೆ, ಶಿಥಿಲವಾಗುತ್ತದೆ ಎಂದು ಬರೆಸಿ, ಆ ದಿನಕ್ಕಾಗಿ ಇಂದೇ ಗದ್ದೆಯನ್ನು ಬಿಡುತ್ತಾನೆ. ಕಲ್ಲಿನ ಕಟ್ಟಡವೂ ಅನಿತ್ಯವೆಂಬ ಜ್ಞಾನ ಅವನಿಗೆ ಪೂರ್ಣವಾಗಿದೆ. ಆ ಜ್ಞಾನವು ಅವನನ್ನು ಕೈಕಟ್ಟಿ ಕೂರಿಸುವುದಕ್ಕೆ ಬದಲಾಗಿ ಕೈಬಿಚ್ಚಿ ಕೊಡುವಂತೆ ಮಾಡಿದೆ.

ಇತಿಹಾಸವು ಮಾತ್ರ ಒಡೆದವರನ್ನು ನೆನೆದಷ್ಟು ಕೂಡಿಸಿದವರನ್ನು ನೆನೆಯುವುದಿಲ್ಲ. ನಮ್ಮ ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ದೇಗುಲದ ಶಾಸನ ವಿದ್ವಾಂಸರಲ್ಲಿ ಪ್ರಸಿದ್ಧ. ಶಿವಭಕ್ತ ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ಜಿನಬಿಂಬವನ್ನು ಒಡೆದುದನ್ನೂ, ದೊರೆ ಬಿಜ್ಜಳನಿಂದ ಜಯಪತ್ರ ಪಡೆದುದನ್ನೂ ಅದು ಸಾರುತ್ತದೆ. ಆ ದೇಗುಲದ ಕಲ್ಲುಗಳನ್ನು ಇಷ್ಟು ಶತಮಾನ ಬೀಳದಂತೆ ನೋಡಿಕೊಂಡ ಕೈಗಳ ಹೆಸರು ಯಾರಿಗೂ ತಿಳಿಯದು. ಒಡೆಯುವುದು ಒಂದು ದಿನದ ಘಟನೆ, ಆದ್ದರಿಂದ ಕಥೆಯಾಗುತ್ತದೆ. ಉಳಿಸುವುದು ದಿನದಿನದ ಕೆಲಸ, ಆದ್ದರಿಂದ ಕಥೆಯಾಗುವುದಿಲ್ಲ.

ಆಗಮಗಳು ಜೀರ್ಣೋದ್ಧಾರವನ್ನು ಒಂದು ಪ್ರತ್ಯೇಕ ವಿಧಿಯನ್ನಾಗಿಯೇ ಪರಿಗಣಿಸಿವೆ. ಕೆಲಸಕ್ಕೆ ಮೊದಲು ಬಿಂಬದ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ, ಬಾಲಾಲಯದಲ್ಲಿಟ್ಟು ಪೂಜಿಸಿ, ಕಟ್ಟಡ ಸರಿಹೋದ ಮೇಲೆ ಮರಳಿ ಪ್ರತಿಷ್ಠಿಸುವುದು ಅದರ ಕ್ರಮ. ಕಟ್ಟಡವನ್ನು ಮುಟ್ಟುವಾಗ ಅದನ್ನು ದೇವರೆಂದು ಭಾವಿಸಬೇಡ, ಆದರೆ ದೇವರಿಗಾಗಿಯೇ ಮುಟ್ಟು ಎಂಬ ಸೂಕ್ಷ್ಮ ಅದರಲ್ಲಿದೆ. ಶಿಲ್ಪಿಯ ಉಳಿಗೆ ನಿರ್ಭಯತೆಯೂ ಭಕ್ತಿಯೂ ಏಕಕಾಲದಲ್ಲಿ ದೊರೆಯುವುದು ಹೀಗೆ. ಜೊತೆಗೆ ಮಿತಿಯೂ ಉಂಟು: ಮುಖ್ಯಾಂಗ ಭಗ್ನವಾದ ಬಿಂಬವನ್ನು ಅಂಟಿಸಿ ಪೂಜಿಸುವುದಿಲ್ಲ, ನೀರಿಗೆ ಬಿಟ್ಟು ಹೊಸದನ್ನು ಸ್ಥಾಪಿಸುತ್ತಾರೆ. ಎಲ್ಲವನ್ನೂ ಉಳಿಸಹೋಗುವವನು ದುರಸ್ತಿಯ ಧರ್ಮವನ್ನು ಅರಿತವನಲ್ಲ. ಅವನದು ಸಂಗ್ರಹದ ಲೋಭ.

ಬದಲಿಸಿ ಬದಲಿಸಿ ಉಳಿಸಿದ್ದು ಮೊದಲಿನದೇ ಹೌದೋ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಗ್ರೀಕರು ಥೀಸಿಯಸನ ಹಡಗನ್ನು ಮುಂದಿಟ್ಟುಕೊಂಡು ಈ ವಾದವನ್ನು ಬೆಳೆಸಿದರು. ಹಲಗೆಗಳೆಲ್ಲ ಒಂದೊಂದಾಗಿ ಹೊಸದಾದ ಮೇಲೆ ಹಡಗು ಹಳೆಯದೆ, ಹೊಸದೆ? ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ನಾಗಸೇನನು ಯವನರಾಜನಿಗೆ, ಅಚ್ಚು ಗಾಲಿ ನೊಗಗಳಲ್ಲಿ ಯಾವುದೂ ರಥವಲ್ಲ, ಅವುಗಳ ಹೊಂದಾಣಿಕೆಗೆ ನಾವಿಟ್ಟ ವ್ಯವಹಾರದ ಹೆಸರು ರಥ ಎಂದು ತಿಳಿಯಪಡಿಸಿದನು. ನಮ್ಮ ನಾಡಿನ ಜನ ಇಷ್ಟು ತರ್ಕಕ್ಕೆ ಹೋದವರಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಅದನ್ನು ಕಟ್ಟಿಸಿದ ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನಿಟ್ಟು ಮುಚ್ಚಿದರು. ಬೆಳಕೂ ಗಾಳಿಯೂ ಒಳಬರುವ ಬಗೆಯೇ ಬದಲಾಯಿತು. ಆದರೂ ಅದು ಬೇರೊಂದು ದೇಗುಲವಾಯಿತೆಂದು ಯಾರೂ ಹೇಳಲಿಲ್ಲ. ವಸ್ತುವಿನ ಏಕತೆ ಅದರ ಕಣಗಳಲ್ಲಿಲ್ಲ, ಅದು ಸಲ್ಲಿಸುತ್ತಿರುವ ಸೇವೆಯ ಅವಿಚ್ಛಿನ್ನತೆಯಲ್ಲಿದೆ ಎಂಬುದು ಅವರ ಮಾತಿಲ್ಲದ ಸಿದ್ಧಾಂತ. ಗಾಜು ಬದಲಾದರೂ ಕಿಟಕಿ ಅದೇ, ಏಕೆಂದರೆ ಬೆಳಕು ಬರುತ್ತಿರುವುದು ಅದೇ ಕೋಣೆಗೆ.

ಮಾಯಾವಾದವನ್ನು ಅರ್ಧ ಕಲಿತ ವಿರಕ್ತನು, ಎಲ್ಲವೂ ಮಿಥ್ಯೆಯಾದ ಮೇಲೆ ಇಷ್ಟೆಲ್ಲ ಏತಕ್ಕೆ ಎನ್ನುತ್ತಾನೆ. ಮಿಥ್ಯೆಯಾದ ಬಾಗಿಲಿನಿಂದ ಬಂದ ಮಿಥ್ಯೆಯಾದ ಚಳಿಗೆ ಮಿಥ್ಯೆಯಾದ ಕಂಬಳಿಯನ್ನು ಅವನು ಹೊದೆಯುವುದುಂಟಲ್ಲವೆ? ವ್ಯವಹಾರದಲ್ಲಿ ಸತ್ಯವೆಂದು ನಡೆಯುವಾಗ ಕಂಬಳಿಯವರೆಗೆ ಸತ್ಯ, ತಿರುಪುಳಿಯಿಂದಾಚೆಗೆ ಮಿಥ್ಯೆ ಎಂಬ ಗಡಿ ವೇದಾಂತದ್ದಲ್ಲ, ಆಲಸ್ಯದ್ದು. ಇನ್ನೊಂದು ಬದಿಯಲ್ಲಿ, ಹಳೆಯದನ್ನು ಎಸೆ, ಹೊಸದನ್ನು ತಾ ಎನ್ನುವ ಸಂತೆಯ ಕೂಗು. ಅದು ವೈರಾಗ್ಯಕ್ಕೆ ಶತ್ರುವೆಂದು ತೋರಿದರೂ ಈ ಒಂದು ವಿಷಯದಲ್ಲಿ ಎರಡೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ: ಎರಡಕ್ಕೂ ಮುರಿದ ವಸ್ತುವಿನ ಮುಂದೆ ಕುಳಿತು, ಅದು ಎಲ್ಲಿ ಮುರಿದಿದೆಯೆಂದು ನೋಡುವಷ್ಟು ವ್ಯವಧಾನವಿಲ್ಲ.

ಮೋಹಕ್ಕೂ ದುರಸ್ತಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಫಲವನ್ನು ನೋಡಬೇಕು. ಮೋಹದಿಂದ ಮಾಡಿದ ಕೆಲಸ ತನ್ನನ್ನು ತೋರಿಸಿಕೊಳ್ಳುತ್ತದೆ. ಹೊಸ ಮನೆಯ ಒಡೆಯನು ನೆಂಟರನ್ನು ಕರೆದು ಬಾಗಿಲಿನ ಕೆತ್ತನೆಯನ್ನು ತೋರಿಸುತ್ತಾನೆ. ಸರಿಹೋದ ಬಾಗಿಲನ್ನು ತೋರಿಸುವುದು ಹೇಗೆ? ಅದು ಸದ್ದಿಲ್ಲದೆ ತೆರೆಯುತ್ತದೆ, ಸದ್ದಿಲ್ಲದೆ ಮುಚ್ಚುತ್ತದೆ, ಮೂರನೆಯ ದಿನ ಎಲ್ಲರೂ ಅದನ್ನು ಮರೆಯುತ್ತಾರೆ. ಮರೆತರೇ ಕೆಲಸ ಚೆನ್ನಾಗಿದೆಯೆಂದು ಅರ್ಥ. ಕೀರ್ತಿಯ ಆಸೆಗೆ ಎಡೆಯನ್ನೇ ಕೊಡದ ಇಂಥ ಕರ್ಮವು ಗೃಹಸ್ಥನಿಗೆ ಮನೆಯಲ್ಲಿಯೇ ಸುಲಭವಾಗಿ ದೊರೆಯುವ ನಿಷ್ಕಾಮತೆಯ ಅಭ್ಯಾಸ.

ನಮ್ಮ ದಾನಶಾಸನಗಳ ಕೊನೆಯಲ್ಲಿ ರೂಢಿಯಾಗಿ ಬರುವ ಶ್ಲೋಕಗಳಲ್ಲಿ ಒಂದರ ತಾತ್ಪರ್ಯ ಹೀಗಿದೆ: ಕೊಡುವುದಕ್ಕಿಂತ, ಕೊಟ್ಟದ್ದನ್ನು ಪಾಲಿಸುವುದು ಶ್ರೇಯಸ್ಕರ, ದಾನದ ಫಲ ಸ್ವರ್ಗವಾದರೆ ಪಾಲನೆಯ ಫಲ ಚ್ಯುತಿಯಿಲ್ಲದ ಪದವಿ. ದಾನಿಯು ತನ್ನದಕ್ಕಿಂತ ಹಿರಿದಾದ ಪುಣ್ಯವನ್ನು, ತಾನು ಎಂದೂ ಕಾಣದ ಮುಂದಿನವನಿಗೆ, ತನ್ನದೇ ಶಾಸನದಲ್ಲಿ ಬರೆದುಕೊಡುತ್ತಾನೆ. ಈ ಔದಾರ್ಯದಲ್ಲಿ ಮೂಲಪ್ರಶ್ನೆಗೆ ಉತ್ತರವೂ ಇದೆ. ಕಟ್ಟಿದವನ ಋಣ, ಬಳಸುವವನ ಹಕ್ಕು, ಇವೆರಡರ ನಡುವೆ ನಿಂತು ಇದ್ದದ್ದನ್ನು ದಾಟಿಸಿಕೊಡುವುದೇ ಪಾಲನೆ. ದೇಗುಲಕ್ಕೆ ಸಲ್ಲುವ ಈ ನ್ಯಾಯ ಮನೆಗೂ ಸಲ್ಲುತ್ತದೆ, ಮನೆಗೆ ಸಲ್ಲುವುದು ಅದರ ಬಿಜಾಗರಿಗೂ ಸಲ್ಲುತ್ತದೆ. ಬಾಗಿಲನ್ನು ಸರಿಪಡಿಸುವವನು ಬಾಗಿಲು ಶಾಶ್ವತವೆಂದು ನಂಬಿದವನಲ್ಲ. ತನ್ನ ತರುವಾಯ ಅದನ್ನು ತೆರೆಯುವವನೊಬ್ಬನಿದ್ದಾನೆಂದು ನಂಬಿದವನು. ಅವನಿಗೆ ಅದು ಸಲೀಸಾಗಿ ತೆರೆಯಲಿ ಎಂದು ಬಯಸುವುದಕ್ಕೆ ಮೋಹವೆಂದು ಹೆಸರಿಡುವ ಶಾಸ್ತ್ರ ಯಾವುದೂ ಇಲ್ಲವೆಂದು ನಾನು ತಿಳಿದಿದ್ದೇನೆ.